ಗುಂಟೆ ಸರಪಳಿಯಲ್ಲಿ ಎಷ್ಟು ಆಂಗ್‌ಸ್ಟ್ರಾಮ್?

ಈ ಮೇಜಿನ ಮೇಲೆ ಸುರುಳಿ ಸುತ್ತಿ ಇಟ್ಟಿರುವ ಉಕ್ಕಿನ ಸರಪಳಿಯನ್ನು, ನಿಮ್ಮಲ್ಲಿ ಭೂಮಾಪನ ಕಲಿಯುತ್ತಿರುವ ಕಿರಿಯರು ಹೊಲದಲ್ಲಿ ಎಳೆದಿರುವ ಸಂಭವ ಕಡಿಮೆ. ನಿಮ್ಮ ಕೈಗೆ ಈಗ ಬೆಳಕಿನಿಂದ ದೂರ ಅಳೆಯುವ ಟೋಟಲ್ ಸ್ಟೇಷನ್ ಬಂದಿದೆ, ಉಪಗ್ರಹಗಳಿಂದ ಸ್ಥಾನ ಹಿಡಿಯುವ ರೋವರ್ ಬಂದಿದೆ. ಆದರೂ ಪೋಡಿಗೋ ಹದ್ದುಬಸ್ತಿಗೋ ನೀವು ತೆರೆದು ನೋಡುವ ಹಳೆಯ ಟಿಪ್ಪಣಿಗಳಲ್ಲಿರುವ ಅಂಕಿಗಳು ಇಂಥ ಸರಪಳಿಯಿಂದಲೇ ಬಂದವು. ಇದರ ಉದ್ದ 33 ಅಡಿ. ಇದನ್ನು 16 ಆಣೆಗಳಾಗಿ ಭಾಗಿಸಿ, ಗುರುತಿಗೆ ಹಿತ್ತಾಳೆಯ ಬಿಲ್ಲೆಗಳನ್ನು ತೂಗುಹಾಕಿದ್ದಾರೆ. ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲದ ನೆಲವೇ ಒಂದು ಗುಂಟೆ, ಅಂದರೆ 1,089 ಚದರ ಅಡಿ. ಅಂಥ 40 ಸೇರಿದರೆ ಎಕರೆ. ಒಂದು ಸರಪಳಿ ಉದ್ದ, ಒಂದು ಆಣೆ ಅಗಲದ ಪಟ್ಟಿ ಕ್ಷೇತ್ರದ ಲೆಕ್ಕದಲ್ಲಿ ಒಂದು ಆಣೆ. ಇಂಗ್ಲೆಂಡಿನ ಎಡ್ಮಂಡ್ ಗಂಟರ್ 1620ರ ಸುಮಾರಿಗೆ ರೂಪಿಸಿದ 66 ಅಡಿಯ, 100 ಕೊಂಡಿಗಳ ಸರಪಳಿಯ ಸರಿಯಾದ ಅರ್ಧ ಇದು. ಗಂಟರ್ ತನ್ನ ಸರಪಳಿಯನ್ನು ನೂರಾಗಿ ಒಡೆದ, ನಮ್ಮವರು ರೂಪಾಯಿಯನ್ನು ಒಡೆದಂತೆ ಹದಿನಾರಾಗಿ ಒಡೆದರು. ಸಂತೆಯ ಲೆಕ್ಕ ಬಲ್ಲವನಿಗೆ ಹೊಲದ ಲೆಕ್ಕವೂ ತಿಳಿಯಲೆಂಬ ಜಾಣತನ ಅದರಲ್ಲಿ ಇದ್ದಿರಬೇಕೆಂದು ನನಗೆ ಅನ್ನಿಸುತ್ತದೆ.

ಹಲವು ವರ್ಷಗಳ ಹಿಂದೆ ಪದವಿಪೂರ್ವ ತರಗತಿಯಲ್ಲಿ ಮಾನಗಳ ಪಾಠ ನಡೆಯುತ್ತಿದ್ದಾಗ ಒಬ್ಬ ಹುಡುಗ ಎದ್ದು ನಿಂತು, "ಸರ್, ನಮ್ಮ ತಾತನ ಸರಪಳಿಯಲ್ಲಿ ಎಷ್ಟು ಆಂಗ್‌ಸ್ಟ್ರಾಮ್ ಇರುತ್ತೆ?" ಎಂದು ಕೇಳಿದ. ಪರಮಾಣುಗಳನ್ನು ಅಳೆಯುವ ಮಾನವನ್ನು ಹೊಲದ ಸರಪಳಿಗೆ ಹಚ್ಚಿದ್ದಕ್ಕೆ ತರಗತಿ ನಕ್ಕಿತು, ನಾನೂ ನಕ್ಕೆ. ಕರಿಹಲಗೆಯ ಮೇಲೆ ಎರಡು ನಿಮಿಷದಲ್ಲಿ ಉತ್ತರ ಬರೆದು ಮುಂದಿನ ಪಾಠಕ್ಕೆ ಹೋದೆ. ಅಂದು ನಾನು ಬರೆದ ಉತ್ತರ ತಪ್ಪಲ್ಲ. ಆದರೆ ಎರಡು ನಿಮಿಷದಲ್ಲಿ ಮುಗಿಸುವ ಪ್ರಶ್ನೆ ಅದಾಗಿರಲಿಲ್ಲ ಎಂಬುದು ನನಗೆ ತಡವಾಗಿ ತಿಳಿಯಿತು. ಇಂದಿನ ಮಾತೆಲ್ಲ ಆ ಪ್ರಶ್ನೆಯ ಮೇಲೆಯೇ.

ಮೊದಲು ಎರಡು ನಿಮಿಷದ ಉತ್ತರ. 1959ರಲ್ಲಿ ಇಂಗ್ಲಿಷ್ ಅಳತೆ ಬಳಸುತ್ತಿದ್ದ ಕೆಲವು ದೇಶಗಳು ಮಾಡಿಕೊಂಡ ಒಪ್ಪಂದದಂತೆ ಒಂದು ಅಡಿ ಎಂದರೆ ಸರಿಯಾಗಿ 0.3048 ಮೀಟರ್. ಹಾಗಾಗಿ 33 ಅಡಿ 10.0584 ಮೀಟರ್ ಆಗುತ್ತದೆ. ಒಂದು ಆಂಗ್‌ಸ್ಟ್ರಾಮ್ ಎಂದರೆ ಮೀಟರಿನ ಸಾವಿರ ಕೋಟಿಯಲ್ಲಿ ಒಂದು ಪಾಲು, ನ್ಯಾನೋಮೀಟರಿನ ಹತ್ತನೆಯ ಒಂದು ಭಾಗ. ಒಂದು ಅಂಗುಲದಲ್ಲಿ 25 ಕೋಟಿ 40 ಲಕ್ಷ, ಒಂದು ಅಡಿಯಲ್ಲಿ 304 ಕೋಟಿ 80 ಲಕ್ಷ, ಒಂದು ಆಣೆ ಉದ್ದದಲ್ಲಿ 628 ಕೋಟಿ 65 ಲಕ್ಷ, ಇಡೀ ಸರಪಳಿಯಲ್ಲಿ 10,058 ಕೋಟಿ 40 ಲಕ್ಷ ಆಂಗ್‌ಸ್ಟ್ರಾಮ್. ಪರಮಾಣುಗಳ ಲೋಕಕ್ಕೆ ಈ ಮಾನ ಹೇಳಿ ಮಾಡಿಸಿದಂತಿದೆ: ಹೈಡ್ರೊಜನ್ ಪರಮಾಣುವಿನ ಬೋರ್ ತ್ರಿಜ್ಯ 0.529 ಆಂಗ್‌ಸ್ಟ್ರಾಮ್, ಅಡುಗೆ ಉಪ್ಪಿನ ಹರಳಿನಲ್ಲಿ ಸೋಡಿಯಂ ಮತ್ತು ಕ್ಲೋರಿನ್ ಅಯಾನುಗಳ ನಡುವಣ ಅಂತರ 2.82, ಕಬ್ಬಿಣದಲ್ಲಿ ಅಕ್ಕಪಕ್ಕದ ಎರಡು ಪರಮಾಣುಗಳ ನಡುವಣ ಅಂತರ 2.48.

ಈಗ ಆ 10,058 ಕೋಟಿ 40 ಲಕ್ಷ ಎಂಬ ಅಂಕಿಯನ್ನು ಸ್ವಲ್ಪ ಅನುಮಾನದಿಂದ ನೋಡೋಣ. ಗಣಿತದಲ್ಲಿ ಅದು ನಿಖರ. ಆದರೆ ಈ ಮೇಜಿನ ಮೇಲಿನ ಸರಪಳಿಗೆ ಅದು ಸಲ್ಲುವುದೇ? ನನ್ನ ತಂದೆ ಸರ್ವೆ ಕೆಲಸದಲ್ಲಿದ್ದವರು. ಬೇಸಿಗೆಯ ಅಳತೆ ಶುರುವಾಗುವ ಮುಂಚೆ ಕಲ್ಲುಚಪ್ಪಡಿಯ ಮೇಲೆ ಕೆತ್ತಿದ ಎರಡು ಗೀರುಗಳ ನಡುವೆ ಸರಪಳಿಯನ್ನು ಎಳೆದು ಹಿಡಿದು ನೋಡುತ್ತಿದ್ದರು. ಕೊಂಡಿಗಳು ಒಂದಕ್ಕೊಂದು ಉಜ್ಜಿ ಬಳೆಗಳು ಸವೆದಂತೆ ಸರಪಳಿ ಉದ್ದವಾಗುತ್ತದೆ, ಕೊಂಡಿ ಬಾಗಿದರೆ ಗಿಡ್ಡವಾಗುತ್ತದೆ. ಗೀರಿನಿಂದ ಒಂದು ಕಾಳಿನಷ್ಟು ಆಚೆ ಹೋಗಿದ್ದರೆ ಬಳೆಯನ್ನು ಸುತ್ತಿಗೆಯಿಂದ ತಟ್ಟಿ ಸರಿಪಡಿಸುತ್ತಿದ್ದರು. ಆ ಒಂದು ಕಾಳು, ಮೂರು ಮಿಲಿಮೀಟರ್ ಎಂದುಕೊಳ್ಳಿ, ಮೂರು ಕೋಟಿ ಆಂಗ್‌ಸ್ಟ್ರಾಮ್. ಬಳಕೆಯಲ್ಲಿದ್ದ ಸರಪಳಿಯ ವಿಷಯದಲ್ಲಿ ಕೋಟಿಯ ಕೆಳಗಿನ ಅಂಕಿಗಳಿಗೆ ಅರ್ಥವಿಲ್ಲ, ಕೋಟಿಯ ಸ್ಥಾನದ ಅಂಕಿಯೂ ಅನುಮಾನವೇ. ದಶಾಂಶ ಬಿಂದುವನ್ನು ಹತ್ತು ಮನೆ ಸರಿಸಿದ ಮಾತ್ರಕ್ಕೆ ಅಳತೆ ಹತ್ತು ಮನೆ ಸೂಕ್ಷ್ಮವಾಗುವುದಿಲ್ಲ. ಕ್ಯಾಲ್ಕುಲೇಟರ್ ತೋರಿಸಿದ ಅಷ್ಟೂ ಅಂಕಿಗಳನ್ನು ಉತ್ತರ ಪತ್ರಿಕೆಗೆ ಇಳಿಸುವವರಿಗೆ ನಾನು ಪೂರ್ತಿ ಅಂಕ ಕೊಡದಿದ್ದುದಕ್ಕೆ ಕಾರಣ ಇದೇ.

ಉದ್ದದಿಂದ ಕ್ಷೇತ್ರಕ್ಕೆ ಬಂದಾಗ ಇನ್ನೊಂದು ಮುಗ್ಗರಿಕೆ ಕಾದಿರುತ್ತದೆ. ಒಂದು ಗುಂಟೆ ಎಂದರೆ ಸುಮಾರು 101.17 ಚದರ ಮೀಟರ್. ಅದನ್ನು ಚದರ ಆಂಗ್‌ಸ್ಟ್ರಾಮಿಗೆ ತರುವಾಗ 10ರ 10ನೆಯ ಘಾತದಿಂದ ಗುಣಿಸಿ ಕೈತೊಳೆದುಕೊಳ್ಳುವವರೇ ಹೆಚ್ಚು. ಗುಣಿಸಬೇಕಾದದ್ದು 20ನೆಯ ಘಾತದಿಂದ. ಪರಮಾಣುವಿನಿಂದ ಅದರ ಬೀಜಕ್ಕೆ ಇಳಿದರೆ ಕ್ಷೇತ್ರದ ಮಾನಕ್ಕೆ ಹೊಲದ ಹೆಸರೇ ಬಂದಿದೆ. 1942ರಲ್ಲಿ ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದಲ್ಲಿದ್ದ ಭೌತವಿಜ್ಞಾನಿಗಳು, ನ್ಯೂಟ್ರಾನ್ ಬಂದು ಬಡಿಯುವುದಕ್ಕೆ ಪರಮಾಣು ಬೀಜ ಒಡ್ಡುವ ಕ್ಷೇತ್ರವನ್ನು ಅಳೆಯಲು ಬಾರ್ನ್ ಎಂಬ ಮಾನವನ್ನು ತಂದರು. ಬಾರ್ನ್ ಎಂದರೆ ಅಲ್ಲಿನ ರೈತರು ಹುಲ್ಲು, ಕಾಳು, ದನಗಳನ್ನು ಒಂದೇ ಸೂರಿನಡಿ ಇಡುವ ದೊಡ್ಡ ಕಟ್ಟಡ. ಬೀಜದ ಮಟ್ಟಿಗೆ ಅಷ್ಟು ಕ್ಷೇತ್ರವೆಂದರೆ ಕೊಟ್ಟಿಗೆಯಷ್ಟು ದೊಡ್ಡ ಗುರಿ ಎಂಬ ತಮಾಷೆ ಅದು. ಒಂದು ಗುಂಟೆ ನೆಲದಲ್ಲಿ ಅಂಥ ಕೊಟ್ಟಿಗೆಗಳು 10ರ 30ನೆಯ ಘಾತಕ್ಕಿಂತ ಕೊಂಚ ಹೆಚ್ಚು ಹಿಡಿಯುತ್ತವೆ.

ಇಲ್ಲಿ ಸ್ವಲ್ಪ ದಾರಿ ಬಿಟ್ಟು ಹೋಗುತ್ತೇನೆ. ಪರಮಾಣುವನ್ನೂ ಹೊಲ ಅಳೆಯುವ ಹಗ್ಗವನ್ನೂ ಒಂದೇ ಕೋಷ್ಟಕದಲ್ಲಿ ಕೂಡಿಸಿದವರು ನಮ್ಮಲ್ಲಿ ಬಹಳ ಹಿಂದೆಯೇ ಇದ್ದರು. ಕೌಟಿಲ್ಯನ ಅರ್ಥಶಾಸ್ತ್ರದ ಎರಡನೆಯ ಅಧಿಕರಣದಲ್ಲಿ ದೇಶಮಾನದ ಏಣಿಯೊಂದಿದೆ: ಎಂಟು ಪರಮಾಣು ಸೇರಿದರೆ ರಥದ ಗಾಲಿ ಎಬ್ಬಿಸುವ ಧೂಳಿನ ಒಂದು ಕಣ, ಅಂಥ ಎಂಟು ಒಂದು ಲಿಕ್ಷಾ ಅಂದರೆ ಸೀರು, ಎಂಟು ಸೀರು ಒಂದು ಹೇನು, ಎಂಟು ಹೇನು ಒಂದು ಜವೆಗೋಧಿಯ ನಡು, ಎಂಟು ಜವೆ ಒಂದು ಅಂಗುಲ. 96 ಅಂಗುಲ ಒಂದು ದಂಡ, ಹತ್ತು ದಂಡ ಒಂದು ರಜ್ಜು, ಅಂದರೆ ನೆಲ ಅಳೆಯುವ ಹಗ್ಗ. ಗುಣಿಸಿ ನೋಡಿ: ಒಂದು ಅಂಗುಲಕ್ಕೆ 32,768 ಪರಮಾಣು, ಒಂದು ರಜ್ಜುವಿಗೆ 3 ಕೋಟಿ 14 ಲಕ್ಷ 57 ಸಾವಿರದ 280. ಮೊಳವನ್ನು 18 ಇಂಚು ಎಂದು ಹಿಡಿದರೆ ರಜ್ಜು 60 ಅಡಿಯಾಗುತ್ತದೆ, ಗಂಟರ್ ಸರಪಳಿಗೆ ಆರೇ ಅಡಿ ಕಡಿಮೆ. ಅದೇ ಲೆಕ್ಕದಲ್ಲಿ ಆ ಪರಮಾಣುವಿನ ಅಳತೆ ಸುಮಾರು 5,800 ಆಂಗ್‌ಸ್ಟ್ರಾಮ್ ಬರುತ್ತದೆ. ಹಿಂದಿನವರಿಗೆ ಪರಮಾಣುವಿನ ಗಾತ್ರ ಗೊತ್ತಿತ್ತು ಎಂದು ಭಾಷಣ ಮಾಡುವವರು ಈ ಅಂಕಿಯ ಬಳಿ ಒಂದು ಕ್ಷಣ ನಿಲ್ಲಬೇಕು. ಆ ಉದ್ದದಲ್ಲಿ ಕಬ್ಬಿಣದ ಪರಮಾಣುಗಳು ಎರಡು ಸಾವಿರಕ್ಕೂ ಹೆಚ್ಚು ಸಾಲಾಗಿ ನಿಲ್ಲುತ್ತವೆ. ಅದು ಹಳದಿ ಬೆಳಕಿನ ತರಂಗದೂರಕ್ಕೆ ಹತ್ತಿರವಿರುವುದು ಬರಿಯ ಕಾಕತಾಳೀಯ. ಈ ಏಣಿಯಲ್ಲಿ ನಾನು ಮೆಚ್ಚುವುದು ಅದರ ಕೆಳಗಿನ ಮೆಟ್ಟಿಲನ್ನಲ್ಲ. ಧೂಳಿನಿಂದ ಹಗ್ಗದವರೆಗೆ ಎಲ್ಲವೂ ಒಂದೇ ಜಾತಿಯ ಪರಿಮಾಣ, ಒಂದರಿಂದ ಇನ್ನೊಂದಕ್ಕೆ ಗುಣಾಕಾರದಲ್ಲೇ ಹೋಗಬಹುದು ಎಂಬ ಧೈರ್ಯವನ್ನು ಮೆಚ್ಚುತ್ತೇನೆ.

ಮತ್ತೆ ಉಕ್ಕಿನ ಸರಪಳಿಗೆ ಬರೋಣ. 1800ರಲ್ಲಿ, ಟಿಪ್ಪು ಸುಲ್ತಾನ್ ಮಡಿದ ಮರುವರ್ಷ, ಬ್ರಿಟಿಷ್ ಸೇನಾಧಿಕಾರಿ ವಿಲಿಯಂ ಲ್ಯಾಂಬ್ಟನ್ ಬೆಂಗಳೂರಿನ ಹತ್ತಿರ ಒಂದು ಆಧಾರರೇಖೆಯನ್ನು, ಅಂದರೆ ಮುಂದಿನ ತ್ರಿಕೋನಗಳ ಲೆಕ್ಕಕ್ಕೆಲ್ಲ ಬುನಾದಿಯಾಗುವ ನೇರ ಗೆರೆಯನ್ನು, ಅಳೆದ. ಆತನ ಸರಪಳಿ ಲಂಡನ್ನಿನ ರಾಮ್ಸ್‌ಡೆನ್ ಮಾಡಿದ್ದು: ನೂರು ಅಡಿ ಉದ್ದ, ಎರಡೂವರೆ ಅಡಿಯ 40 ಕೊಂಡಿಗಳು. ಚೀನಾದ ಚಕ್ರವರ್ತಿಗೆ ಕಾಣಿಕೆಯಾಗಿ ಹೋಗಿ, ಅಲ್ಲಿ ಒಪ್ಪಿಗೆಯಾಗದೆ ಕಲ್ಕತ್ತೆಗೆ ಬಂದು ಬಿದ್ದಿದ್ದ ಸಾಮಾನಿನಲ್ಲಿ ಅದು ಸಿಕ್ಕಿತ್ತು. 1802ರ ಏಪ್ರಿಲ್‌ನಲ್ಲಿ ಮದ್ರಾಸಿನ ಸೇಂಟ್ ಥಾಮಸ್ ಮೌಂಟ್ ಬಳಿ ಏಳೂವರೆ ಮೈಲಿಯ ರೇಖೆಯಿಂದ, ಭಾರತವನ್ನು ತ್ರಿಕೋನಗಳಾಗಿ ಅಳೆಯುವ ಮಹಾ ತ್ರಿಕೋನ ಮಾಪನಕ್ಕೆ ಕೈಹಾಕಿದಾಗ, ಸರಪಳಿಯನ್ನು ಮರದ ಉದ್ದನೆಯ ತೊಟ್ಟಿಗಳಲ್ಲಿ ಮಲಗಿಸಿ, ಪಕ್ಕದಲ್ಲಿ ಉಷ್ಣಮಾಪಕಗಳನ್ನಿಟ್ಟು ಓದಿಕೊಳ್ಳುತ್ತಿದ್ದರು. ಏಕೆಂದರೆ ಉಕ್ಕು ಒಂದು ಡಿಗ್ರಿ ಸೆಲ್ಸಿಯಸ್ ಬಿಸಿಯಾದರೆ ಹತ್ತು ಲಕ್ಷಕ್ಕೆ ಸುಮಾರು 12 ಭಾಗ ಹಿಗ್ಗುತ್ತದೆ. ಬೆಳಿಗ್ಗೆಗೂ ಮಧ್ಯಾಹ್ನಕ್ಕೂ 15 ಡಿಗ್ರಿ ವ್ಯತ್ಯಾಸವಾದರೆ ನೂರು ಅಡಿಯ ಸರಪಳಿ ಐದೂವರೆ ಮಿಲಿಮೀಟರ್ ಬೆಳೆಯುತ್ತದೆ. ಅದನ್ನು ಲೆಕ್ಕಕ್ಕೆ ಹಿಡಿಯದಿದ್ದರೆ ಏಳು ಮೈಲಿಯಲ್ಲಿ ತಪ್ಪು ಎರಡು ಮೀಟರ್.

ಈ ಹಿಗ್ಗುವಿಕೆಯನ್ನು ಆಂಗ್‌ಸ್ಟ್ರಾಮಿನಲ್ಲಿ ನೋಡಿದಾಗ ಮಾನಗಳ ಪರಿವರ್ತನೆ ಒಮ್ಮೆಲೇ ಜೀವ ಪಡೆಯುತ್ತದೆ. ನೂರು ಅಡಿಯ ಸರಪಳಿ ಒಂದು ಡಿಗ್ರಿಗೆ ಸುಮಾರು 37 ಲಕ್ಷ ಆಂಗ್‌ಸ್ಟ್ರಾಮ್ ಹಿಗ್ಗುತ್ತದೆ. ಎಲ್ಲಿಂದ ಬಂತು ಈ 37 ಲಕ್ಷ? ಹೊಸ ಪರಮಾಣುಗಳೇನೂ ಬಂದು ಸೇರಲಿಲ್ಲ. ಸರಪಳಿಯ ಒಂದು ತುದಿಯಿಂದ ಇನ್ನೊಂದು ತುದಿಗೆ ಕಬ್ಬಿಣದ ಪರಮಾಣುಗಳನ್ನು ಒಂದೇ ಸಾಲಿನಲ್ಲಿ ಒತ್ತೊತ್ತಾಗಿ ನಿಲ್ಲಿಸಿದಂತೆ ಭಾವಿಸಿದರೆ, 2.48 ಆಂಗ್‌ಸ್ಟ್ರಾಮಿನ ಅಂತರಗಳು ಸುಮಾರು 12,290 ಕೋಟಿ ಆಗುತ್ತವೆ. ಒಂದು ಡಿಗ್ರಿ ಏರಿದಾಗ ಪ್ರತಿಯೊಂದು ಅಂತರವೂ 0.00003 ಆಂಗ್‌ಸ್ಟ್ರಾಮಿನಷ್ಟು, ಅಂದರೆ ಪರಮಾಣುವಿನ ಬೀಜಕ್ಕಿಂತಲೂ ಚಿಕ್ಕದಾದ ಒಂದು ಉದ್ದದಷ್ಟು, ಸಡಿಲುತ್ತದೆ. ಬಿಸಿಯಲ್ಲಿ ನಡುಗುವ ಪರಮಾಣುಗಳಿಗೆ ಹತ್ತಿರ ಬರುವುದಕ್ಕಿಂತ ದೂರ ಸರಿಯುವುದು ಸುಲಭ. ಆದ್ದರಿಂದ ಸರಾಸರಿ ಅಂತರ ಹೆಚ್ಚುತ್ತದೆ. ಇಂಥ ಕಾಣದ ಸಡಿಲಿಕೆಗಳನ್ನೆಲ್ಲ ಕೂಡಿಸಿದಾಗ ಬರುವ ಮೊತ್ತವನ್ನೇ ಲ್ಯಾಂಬ್ಟನ್ನನ ಉಷ್ಣಮಾಪಕದ ಲೆಕ್ಕ ಕಳೆಯುತ್ತಿದ್ದುದು. ಪರಮಾಣು ಎಂಬುದೊಂದು ಇದೆಯೇ ಎಂದು ರಸಾಯನಶಾಸ್ತ್ರಜ್ಞರೇ ಜಗಳವಾಡುತ್ತಿದ್ದ ಶತಮಾನ ಅದು. ಮುಂದೆ ಬ್ರಿಟಿಷ್ ಭೂಮಾಪಕ ಕೋಲ್ಬಿಯ ದಂಡಗಳು ಬಂದವು: ಹತ್ತು ಅಡಿಯ ಹಿತ್ತಾಳೆ ಮತ್ತು ಕಬ್ಬಿಣದ ಸರಳುಗಳನ್ನು ಜೋಡಿಸಿ, ಒಂದರ ಹಿಗ್ಗು ಇನ್ನೊಂದರ ಹಿಗ್ಗನ್ನು ಹೊಡೆದುಹಾಕುವಂತೆ ತುದಿಗಳಲ್ಲಿ ಗುರುತು ಇಟ್ಟ ಉಪಕರಣ. ಆಮೇಲೆ ಗಿಯೋಮ್ ಎಂಬಾತ 1896ರಲ್ಲಿ, ಉಕ್ಕಿನ ಹತ್ತನೆಯ ಒಂದು ಪಾಲಷ್ಟು ಮಾತ್ರ ಹಿಗ್ಗುವ ನಿಕ್ಕಲ್-ಕಬ್ಬಿಣದ ಮಿಶ್ರಲೋಹ ಇನ್ವಾರನ್ನು ಕಂಡುಹಿಡಿದ. ಅದಕ್ಕೆ 1920ರ ನೊಬೆಲ್ ಬಂತು. ಭೂಮಾಪನದ ಪಟ್ಟಿಗೆ ಒದಗಿದ ಲೋಹಕ್ಕೆ ಭೌತವಿಜ್ಞಾನದ ನೊಬೆಲ್ ಸಿಕ್ಕಿದೆ ಎಂಬುದನ್ನು ನಿಮ್ಮ ಕಸುಬಿನವರು ಹೆಮ್ಮೆಯಿಂದ ಹೇಳಿಕೊಳ್ಳಬಹುದು.

ಕೋಲ್ಬಿಯ ದಂಡಗಳಿಂದ ಭಾರತದಲ್ಲಿ ಹತ್ತು ಆಧಾರರೇಖೆಗಳನ್ನು ಅಳೆದರು. ಅವುಗಳಲ್ಲಿ ಎರಡು ಇಂದಿನ ಕರ್ನಾಟಕದಲ್ಲಿವೆ: 1841ರ ಬೀದರ್, 1868ರ ಬೆಂಗಳೂರು. ಬೆಂಗಳೂರಿನ ರೇಖೆ ಮೇಖ್ರಿ ವೃತ್ತದ ಕಡೆಯಿಂದ ಬೆಂಗಳೂರಿನ ಪಕ್ಕದ ಕಣ್ಣೂರು ಹಳ್ಳಿಯ ಕಡೆಗೆ ಹೋಗುತ್ತಿತ್ತು. 1868 ಎಂಬ ಇಸವಿಯನ್ನು ನೆನಪಿಡಿ. ಅದೇ ವರ್ಷ ಸ್ವೀಡನ್ನಿನ ಉಪ್ಸಲಾದಲ್ಲಿ ಆಂಡರ್ಸ್ ಯೋನಾಸ್ ಆಂಗ್‌ಸ್ಟ್ರಾಮ್ ಸೂರ್ಯನ ರೋಹಿತದ ಸಾವಿರಕ್ಕೂ ಹೆಚ್ಚು ರೇಖೆಗಳ ತರಂಗದೂರಗಳನ್ನು, ಮೀಟರಿನ ಸಾವಿರ ಕೋಟಿಯ ಒಂದು ಪಾಲನ್ನು ಮಾನವಾಗಿ ಹಿಡಿದು ಪ್ರಕಟಿಸಿದ. ಅದೇ ವರ್ಷದ ಆಗಸ್ಟ್ 18ರಂದು ಪೂರ್ಣ ಸೂರ್ಯಗ್ರಹಣದ ನೆರಳು ದಕ್ಷಿಣ ಭಾರತವನ್ನು ಹಾಯಿತು. ತ್ರಿಕೋನ ಮಾಪನದ ಅಧಿಕಾರಿಯಾಗಿದ್ದ ಲೆಫ್ಟಿನೆಂಟ್ ಜಾನ್ ಹರ್ಷೆಲ್, ಯುರೇನಸ್ ಗ್ರಹವನ್ನು ಕಂಡ ವಿಲಿಯಂ ಹರ್ಷೆಲ್ಲನ ಮೊಮ್ಮಗ, ಜಮಖಂಡಿಯಲ್ಲಿ ರೋಹಿತದರ್ಶಕ ಹೂಡಿಕೊಂಡು ನಿಂತಿದ್ದ. ಮಳೆಗಾಲದ ಮೋಡ ಕಾಡಿತು. ಆದರೂ ಸೂರ್ಯನ ಅಂಚಿನಿಂದ ಚಿಮ್ಮಿದ ಜ್ವಾಲೆಯಲ್ಲಿ ಕೆಂಪು, ಕಿತ್ತಳೆ, ನೀಲಿ ಎಂಬ ಮೂರು ಉಜ್ಜ್ವಲ ರೇಖೆಗಳನ್ನು ಆತ ಕಂಡ. ಆ ದಿನಗಳಲ್ಲಿ ಸೋಡಿಯಮ್ಮಿನ ಜೋಡಿ ರೇಖೆಯ ಹತ್ತಿರ ಎಂದಷ್ಟೇ ಗುರುತಿಸಲಾದ ಆ ಹಳದಿ-ಕಿತ್ತಳೆ ರೇಖೆ ಮುಂದೆ ಹೀಲಿಯಮ್ಮಿನದೆಂದು ತಿಳಿಯಿತು. ಸೋಡಿಯಮ್ಮಿನವು 5,890 ಮತ್ತು 5,896 ಆಂಗ್‌ಸ್ಟ್ರಾಮಿನಲ್ಲಿದ್ದರೆ ಇದು 5,876ರಲ್ಲಿದೆ. ಮೈಲಿಗಳನ್ನು ಅಳೆಯುವ ಇಲಾಖೆಯ ಮನುಷ್ಯನೊಬ್ಬ ಬಾಗಲಕೋಟೆಯ ಸೀಮೆಯಲ್ಲಿ ನಿಂತು, ಹದಿನಾಲ್ಕು ಆಂಗ್‌ಸ್ಟ್ರಾಮಿನ ವ್ಯತ್ಯಾಸದಲ್ಲಿ ಒಂದು ಹೊಸ ಮೂಲವಸ್ತು ಅಡಗಿರುವ ಬೆಳಕನ್ನು ನೋಡುತ್ತಿದ್ದ. ನಾನು ಜಮಖಂಡಿಗೆ ಹೋದಾಗಲೆಲ್ಲ ಆತ ಎಲ್ಲಿ ನಿಂತಿದ್ದಿರಬಹುದು ಎಂದು ಸುತ್ತ ನೋಡುತ್ತೇನೆ.

ಆಂಗ್‌ಸ್ಟ್ರಾಮನ ಅಂಕಿಗಳಲ್ಲಿ ಒಂದು ದೋಷವಿತ್ತು. ಆತ ಹೋಲಿಕೆಗೆ ಬಳಸಿದ ಮೀಟರ್‌ಕೋಲಿನ ನಿಜವಾದ ಉದ್ದವೇ ಸರಿಯಾಗಿ ಗೊತ್ತಿರಲಿಲ್ಲ. ಹಾಗಾಗಿ ಎಲ್ಲ ತರಂಗದೂರಗಳೂ ಏಳೆಂಟು ಸಾವಿರಕ್ಕೆ ಒಂದು ಪಾಲಿನಷ್ಟು ತಪ್ಪಿದವು. ಸೋಡಿಯಂ ರೇಖೆಯಲ್ಲಿ ಅದು ಒಂದು ಆಂಗ್‌ಸ್ಟ್ರಾಮಿಗೂ ಕಡಿಮೆ. ಅದೇ ಪ್ರಮಾಣದ ತಪ್ಪು ಏಳು ಮೈಲಿಯ ಆಧಾರರೇಖೆಯಲ್ಲಿ ನುಸುಳಿದ್ದರೆ ಐದಡಿ. ಬೆಳಕನ್ನು ಅಳೆದ ಆತನ ಕೈಚಳಕದಲ್ಲಿ ಕೊರತೆಯಿರಲಿಲ್ಲ, ಮೇಜಿನ ಮೇಲಿದ್ದ ಲೋಹದ ಕೋಲಿನಲ್ಲಿ ಇತ್ತು.

ಇದಕ್ಕಿಂತ ಸೊಗಸಾದ ತಪ್ಪು ಎಕ್ಸ್ ಕಿರಣದವರದು. ಅದನ್ನು ಕೊಂಚ ನಿಧಾನವಾಗಿ ಹೇಳುತ್ತೇನೆ. ಸ್ವೀಡನ್ನಿನವನೇ ಆದ ಮಾನ್ನೆ ಸೀಗ್‌ಬಾನ್ ಎಕ್ಸ್ ಕಿರಣಗಳ ತರಂಗದೂರ ಅಳೆಯಲು ಕ್ಯಾಲ್ಸೈಟ್ ಹರಳನ್ನೇ ಅಳತೆಗೋಲಾಗಿ ಮಾಡಿಕೊಂಡು, ಆಂಗ್‌ಸ್ಟ್ರಾಮಿನ ಸಾವಿರದ ಒಂದು ಪಾಲು ಎಂಬ ಉದ್ದೇಶದಿಂದ ಎಕ್ಸ್-ಮಾನವನ್ನು ರೂಪಿಸಿದ. ಹರಳಿನ ಪದರಗಳ ನಡುವಣ ಅಂತರ ಆಗ ತಿಳಿಯುತ್ತಿದ್ದುದು ಸಾಂದ್ರತೆಯಿಂದ: ಇಷ್ಟು ಘನ ಅಳತೆಯಲ್ಲಿ ಇಷ್ಟು ಪರಮಾಣುಗಳಿದ್ದರೆ ಒಂದೊಂದರ ಪಾಲಿಗೆ ಇಷ್ಟು ಜಾಗ, ಅದರ ಘನಮೂಲವೇ ಅಂತರ. ಎಷ್ಟು ಪರಮಾಣು ಎಂಬುದು ಅವೊಗಾಡ್ರೊ ಸಂಖ್ಯೆಯಿಂದ, ಆ ಸಂಖ್ಯೆ ಎಲೆಕ್ಟ್ರಾನಿನ ವಿದ್ಯುದಂಶದಿಂದ, ವಿದ್ಯುದಂಶ ಮಿಲಿಕನ್ನನ ಎಣ್ಣೆಹನಿ ಪ್ರಯೋಗದಿಂದ, ಆ ಪ್ರಯೋಗದ ಲೆಕ್ಕ ಗಾಳಿಯ ಸ್ನಿಗ್ಧತೆಯಿಂದ. ಗಾಳಿಯ ಸ್ನಿಗ್ಧತೆಯ ಅಂಕಿ ಸ್ವಲ್ಪ ಕಡಿಮೆ ಹಿಡಿಯಲಾಗಿತ್ತು. ಅದರಿಂದ ವಿದ್ಯುದಂಶ ಶೇಕಡಾ 0.6ರಷ್ಟು ಕಡಿಮೆಯಾಯಿತು, ಘನಮೂಲ ತೆಗೆದಾಗ ಉದ್ದದಲ್ಲಿ ಶೇಕಡಾ 0.2ರಷ್ಟು ತಪ್ಪು ಉಳಿಯಿತು. ಒತ್ತೊತ್ತಾಗಿ ಸಮಾನಾಂತರ ಗೀರು ಕೊರೆದ ಗ್ರೇಟಿಂಗ್ ಎಂಬ ಫಲಕದಿಂದ ಎಕ್ಸ್ ಕಿರಣಗಳನ್ನು ನೇರವಾಗಿ ಅಳೆದವರಿಗೆ ಬೇರೆ ಉತ್ತರ ಬರತೊಡಗಿದಾಗಲೇ ಇದು ಹೊರಬಿದ್ದದ್ದು. ಕಡೆಗೆ 1947ರಲ್ಲಿ, ಸಾವಿರ ಎಕ್ಸ್-ಮಾನ ಎಂದರೆ 1.00202 ಆಂಗ್‌ಸ್ಟ್ರಾಮ್ ಎಂದು ಒಪ್ಪಿಕೊಂಡರು. ಶೇಕಡಾ 0.2 ಎಂದರೆ ನೂರು ಸರಪಳಿ ದೂರದಲ್ಲಿ ಮೂರು ಆಣೆಗೂ ಮಿಕ್ಕ ವ್ಯತ್ಯಾಸ. ಹೊಲದಲ್ಲಿ ಅಷ್ಟು ತಪ್ಪಿದ್ದರೆ ಬಾಂದುಕಲ್ಲು ಪಕ್ಕದವನ ಜಮೀನಿನಲ್ಲಿ ನಿಂತು, ಎರಡು ಮನೆಗಳ ಮಾತು ನಿಂತು, ಕೋರ್ಟು ಕಚೇರಿ ಆಗಿರುತ್ತಿತ್ತು. ಹರಳಿನ ಲೋಕದಲ್ಲಿ ತಕರಾರು ಅರ್ಜಿ ಕೊಡುವವರಿಲ್ಲದ್ದರಿಂದ ಅಷ್ಟು ವರ್ಷ ನಡೆಯಿತು.

ಭೂಮಾಪನದವರು ಇದನ್ನು ಕೇಳಿ ನಗುವ ಮುನ್ನ ತಮ್ಮ ಅಡಿಯನ್ನೊಮ್ಮೆ ನೋಡಿಕೊಳ್ಳಬೇಕು. ಲ್ಯಾಂಬ್ಟನ್ನನ ನಂತರ ತ್ರಿಕೋನ ಮಾಪನದ ಮುಖ್ಯಸ್ಥನಾದ ಜಾರ್ಜ್ ಎವರೆಸ್ಟ್ 1830ರಲ್ಲಿ ಕೊಟ್ಟ ಭೂಮಿಯ ಆಕಾರದಲ್ಲಿ ಸಮಭಾಜಕದ ತ್ರಿಜ್ಯ 2,09,22,931.80 ಅಡಿ. ಯಾವ ಅಡಿ? ಭಾರತೀಯ ಅಡಿ, ಅಂದರೆ ಸರ್ವೆಯವರ ಪ್ರಮಾಣದಂಡದಿಂದ ಬಂದ ಅಡಿ. 1937ರ ಲೆಕ್ಕದಲ್ಲಿ ಅದು 0.30479841 ಮೀಟರ್, 1962ರ ಲೆಕ್ಕದಲ್ಲಿ 0.3047996 ಮೀಟರ್. ಎರಡಕ್ಕೂ ಇರುವ ಅಂತರ ಹನ್ನೊಂದು ಸಾವಿರದ ಒಂಬೈನೂರು ಆಂಗ್‌ಸ್ಟ್ರಾಮ್. ಕೂದಲೆಳೆಯ ಐವತ್ತನೆಯ ಒಂದು ಪಾಲೂ ಅಲ್ಲ. ಆದರೆ ಆ ಎರಡು ಕೋಟಿ ಒಂಬತ್ತು ಲಕ್ಷ ಅಡಿಗಳನ್ನು ಒಂದರಿಂದ ಗುಣಿಸಿದರೆ ಭೂಮಿಯ ತ್ರಿಜ್ಯ 63,77,276 ಮೀಟರ್, ಇನ್ನೊಂದರಿಂದ ಗುಣಿಸಿದರೆ 63,77,301 ಮೀಟರ್. ಇಪ್ಪತ್ತೈದು ಮೀಟರ್ ವ್ಯತ್ಯಾಸ. ನಿಮ್ಮಲ್ಲಿ ಯಾರಾದರೂ ಹಳೆಯ ನಕ್ಷೆಯನ್ನು ಇಂದಿನ ಉಪಗ್ರಹ ನಿರ್ದೇಶಾಂಕಕ್ಕೆ ತರುವ ಕೆಲಸ ಮಾಡುತ್ತಿದ್ದರೆ, ತಂತ್ರಾಂಶದ ಪಟ್ಟಿಯಲ್ಲಿ ಎವರೆಸ್ಟ್ ಎಂಬ ಒಂದೇ ಹೆಸರಿನ ಮುಂದೆ ಹಲವು ಇಸವಿಗಳಿರುವುದನ್ನು ಕಂಡಿರುತ್ತೀರಿ. ಅಳೆದ ಭೂಮಿ ಒಂದೇ, ಅಡಿಗಳು ಹಲವು. ಅಮೆರಿಕದಲ್ಲೂ ಇದೇ ಕಥೆ: 1959ರ ಅಡಿಯ ಪಕ್ಕದಲ್ಲೇ ಹತ್ತು ಲಕ್ಷಕ್ಕೆ ಎರಡು ಪಾಲು ದೊಡ್ಡದಾದ ಸರ್ವೆ ಅಡಿಯೊಂದನ್ನು ಇಟ್ಟುಕೊಂಡು, 2022ರ ಕೊನೆಗೆ ಅದಕ್ಕೆ ವಿದಾಯ ಹೇಳಿದರು.

ಈಗ ಎರಡು ತುದಿಗಳೂ ಒಂದೇ ಮೀಟರಿಗೆ ಕಟ್ಟಿಕೊಂಡಿವೆ. ಆ ಮೀಟರೇ ಫ್ರಾನ್ಸಿನ ಡಂಕರ್ಕ್‌ನಿಂದ ಬಾರ್ಸಿಲೋನಾವರೆಗೆ 1790ರ ದಶಕದಲ್ಲಿ ನಡೆದ ಭೂಮಾಪನದ ಕೂಸು. ಆಮೇಲೆ ಅದು ಪ್ಲಾಟಿನಂ-ಇರಿಡಿಯಂ ಕೋಲಾಯಿತು, 1960ರಲ್ಲಿ ಕ್ರಿಪ್ಟಾನ್-86ರ 16,50,763.73 ತರಂಗದೂರಗಳಾಯಿತು, 1983ರಿಂದ ಬೆಳಕು ಸೆಕೆಂಡಿನ 29,97,92,458ರಲ್ಲಿ ಒಂದು ಪಾಲಿನಲ್ಲಿ ಸಾಗುವ ದೂರವಾಗಿದೆ. ನಿಮ್ಮ ಟೋಟಲ್ ಸ್ಟೇಷನ್ ಕಳಿಸಿ ಹಿಂದಕ್ಕೆ ಪಡೆಯುವುದೂ ಬೆಳಕನ್ನೇ. ಅತಿ ಚಿಕ್ಕ ಉದ್ದಗಳಿಗೆ ಬೆಳಕಿನ ತರಂಗವೂ ಒರಟಾಗುವುದರಿಂದ, 2019ರಿಂದ ಸಿಲಿಕಾನ್ ಹರಳಿನ ಪದರಗಳ ಅಂತರವನ್ನು, 1.920155714 ಆಂಗ್‌ಸ್ಟ್ರಾಮನ್ನು, ಮೀಟರಿಗೆ ಇನ್ನೊಂದು ದಾರಿಯೆಂದು ಒಪ್ಪಲಾಗಿದೆ. ಅಂದರೆ ಹರಳೇ ಈಗ ಸರಪಳಿ. ಅದನ್ನು ಎಣಿಸುವ ಕ್ರಮವೂ ನಿಮಗೆ ಹೊಸದೆನಿಸದು. ಒಂದೇ ಸಿಲಿಕಾನ್ ಹರಳಿನಿಂದ ಕೊಯ್ದ ಮೂರು ತೆಳು ಹಲಗೆಗಳ ಮೂಲಕ ಎಕ್ಸ್ ಕಿರಣವನ್ನು ಹಾಯಿಸಿ, ಒಂದು ಹಲಗೆಯನ್ನು ಮೆಲ್ಲನೆ ಸರಿಸುತ್ತಾರೆ. ಒಂದು ಪದರದಷ್ಟು ಸರಿದಾಗಲೆಲ್ಲ ಕಿರಣದ ತೀವ್ರತೆ ಒಮ್ಮೆ ಏರಿ ಇಳಿಯುತ್ತದೆ. ಪಕ್ಕದಲ್ಲಿ ಲೇಸರ್ ಅದೇ ಚಲನೆಯನ್ನು ಬೆಳಕಿನ ತರಂಗಗಳಲ್ಲಿ ಅಳೆಯುತ್ತಿರುತ್ತದೆ. ನನ್ನ ತಂದೆಯ ಆಳುಗಳು ಸರಪಳಿ ಮುಗಿದಾಗಲೆಲ್ಲ ನೆಲಕ್ಕೊಂದು ಕಬ್ಬಿಣದ ಕಡ್ಡಿ ಚುಚ್ಚಿ ಕೂಗುತ್ತಿದ್ದರು, ಹಿಂದಿನವನು ಅವನ್ನು ಕಿತ್ತು ಎಣಿಸಿಕೊಂಡು ಬರುತ್ತಿದ್ದ. ಒಂದು ಕಡ್ಡಿ ಲೆಕ್ಕ ತಪ್ಪಿದರೆ ಮತ್ತೆ ಮೊದಲ ಕಲ್ಲಿನಿಂದ.

ಆ ಹುಡುಗನಿಗೆ ಇಂದು ಉತ್ತರ ಬರೆಯಬೇಕಾದರೆ ಹೀಗೆ ಬರೆಯುತ್ತೇನೆ: ನಿನ್ನ ತಾತನ ಸರಪಳಿ ಹೊಸದಾಗಿದ್ದು, 1959ರ ಅಡಿಗೆ ಸರಿಹೊಂದಿಸಿದ್ದು, ಕಲ್ಲಿನ ಗೀರುಗಳಿಗೆ ಕೂಡಿದ್ದರೆ, ಹತ್ತು ಸಾವಿರದ ಅರವತ್ತು ಕೋಟಿ ಆಂಗ್‌ಸ್ಟ್ರಾಮ್, ಹೆಚ್ಚುಕಡಿಮೆ ಮೂರು ಕೋಟಿ. ಸಿಲಿಕಾನಿನ ಪದರಗಳಲ್ಲಿ ಎಣಿಸಿದರೆ ಸುಮಾರು 5,240 ಕೋಟಿ. ಬಿಸಿಲಿಗೆ ಇಟ್ಟಿದ್ದರೆ ಪ್ರತಿ ಡಿಗ್ರಿಗೆ ಹನ್ನೆರಡು ಲಕ್ಷ ಆಂಗ್‌ಸ್ಟ್ರಾಮ್ ಕೂಡಿಸು ಎಂದೂ ಬರೆಯುತ್ತಿದ್ದೆ. ಆದರೆ ಆ ಮೂರು ಕೋಟಿಯ ಮುಂದೆ ಅದು ಲೆಕ್ಕಕ್ಕೆ ಬರುವುದು ಬಿಸಿಲು ಇಪ್ಪತ್ತೈದು ಡಿಗ್ರಿ ಏರಿದಾಗ.